ನಿಂತ ಗಾಡಿಯ ಬಿಸಿ

ನಾನು ಮೋಟಾರು ಕಟ್ಟುವವನು. ವಿಜಯಪುರದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ನನ್ನದೊಂದು ಅಂಗಡಿ ಇದೆ. ಬೋರ್‌ವೆಲ್ಲಿನ ಸುಟ್ಟ ಮೋಟಾರುಗಳು ಅಲ್ಲಿಗೆ ಬರುತ್ತವೆ, ಹೊಸ ತಂತಿ ಸುತ್ತಿಸಿಕೊಂಡು ಹೋಗುತ್ತವೆ. ಇಷ್ಟು ವರ್ಷ ಈ ಕೆಲಸ ಮಾಡಿ ನನಗೆ ಒಂದು ಹಟ ಅಂಟಿಕೊಂಡಿದೆ: ಕರೆಂಟು ಎಲ್ಲೂ ಕಳೆದುಹೋಗುವುದಿಲ್ಲ, ಎಲ್ಲಿಗೋ ಒಂದು ಕಡೆ ಹೋಗಿಯೇ ಇರುತ್ತದೆ. 'ಏನೋ ಆಗಿ ಸುಟ್ಟಿತ್ರಿ' ಎಂದು ಯಾರಾದರೂ ಅಂದರೆ ಸಿಟ್ಟು ನೆತ್ತಿಗೇರುತ್ತದೆ. ಏನೋ ಅಂದರೆ ಏನು? ಅದಕ್ಕೊಂದು ಜಾಗ ಇರಬೇಕಲ್ಲ? ದೆವ್ವ, ಗಾಳಿ, ಸೋಂಕು ಎಂಬ ಮಾತು ಬಂದಾಗ ಮನೆಯವರು ನನ್ನನ್ನು ಹತ್ತಿರ ಕೂಡಿಸಿಕೊಳ್ಳುವುದೇ ಇಲ್ಲ. ಅಂಥ ನಾನು ಅಣ್ಣನ ಗಾಡಿಯ ಮುಂದೆ ಹಾಡಹಗಲೇ ನಿಂತು ಬೆವೆತಿದ್ದೇನೆ.

ಅಣ್ಣ ತಿಕೋಟಾದಲ್ಲಿ ಒಣದ್ರಾಕ್ಷಿ, ನಮ್ಮ ಕಡೆಯ ಮಾತಿನಲ್ಲಿ ಮಣೂಕ, ಅದರ ದಲಾಲಿ ಮಾಡುತ್ತಿದ್ದ. ಬಿಜ್ಜರಗಿ, ಕಳ್ಳಕವಟಗಿ ಕಡೆಯ ದ್ರಾಕ್ಷಿ ಒಣಗಿಸುವ ಶೆಡ್ಡುಗಳಿಗೆ ಹೋಗಿ, ಮಾಲನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟು, ಒಂದು ಬಾಯಿಗೆ ಹಾಕಿಕೊಂಡು, ರೈತನಿಗೂ ವ್ಯಾಪಾರಿಗೂ ನಡುವೆ ನಿಂತು ದರ ಕುದುರಿಸುವ ಕೆಲಸ. ತಿರುಗಾಟಕ್ಕೆ ಒಂದು ಹಳೆಯ ಬಿಳಿ ಕಾರು ಇಟ್ಟಿದ್ದ. ಅದರ ಹಿಂದಿನ ಸೀಟಿನಲ್ಲಿ ಯಾವಾಗಲೂ ದ್ರಾಕ್ಷಿಯ ಅಂಟು. ಮುಂದೆ ಎಡಗಡೆ ಸೀಟಿನ ಎದುರು ಡ್ಯಾಶ್‌ಬೋರ್ಡಿನಲ್ಲಿ ಒಂದು ಪೆಟ್ಟಿಗೆ ಇರುತ್ತದಲ್ಲ, ಅದರ ಚಿಲಕ ಕೆಟ್ಟು ಎಷ್ಟೋ ಕಾಲವಾಗಿತ್ತು. ಮುಚ್ಚಳದ ಮೂಲೆಗೆ ಒಂದು ಲೆಕ್ಕದಲ್ಲಿ ಗುದ್ದಿದರೆ ಮಾತ್ರ ತೆರೆಯುತ್ತಿತ್ತು. ನಾನು ಗುದ್ದಿದರೆ ಕೈ ನೋಯುತ್ತಿತ್ತೇ ಹೊರತು ಅದು ಜಪ್ಪಯ್ಯ ಅನ್ನುತ್ತಿರಲಿಲ್ಲ.

ಅಣ್ಣನಿಗೆ ಮಕ್ಕಳಿರಲಿಲ್ಲ. ವೈನಿಗೆ, ಅಂದರೆ ಅತ್ತಿಗೆಗೆ, ತಾನೇ ಗಾಡಿ ಕಲಿಸಿದ್ದ, ಲೈಸನ್ಸು ಮಾಡಿಸಿದ್ದ. ಸುಗ್ಗಿಯಲ್ಲಿ ಇಬ್ಬರೂ ಕೂಡಿಯೇ ಶೆಡ್ಡುಗಳಿಗೆ ಹೋಗುತ್ತಿದ್ದರು. ಮನೆಯಲ್ಲಿ ನಮ್ಮಪ್ಪನ ಅಕ್ಕ ಇದ್ದಾಳೆ, ನಮಗೆಲ್ಲ ಅತ್ತಿ. ಮಡಿ-ಮೈಲಿಗೆಯಲ್ಲಿ ಬಲು ಬಿಗಿ, ಬಾಯಿಯೂ ಚುರುಕು. "ಮಣೂಕ ನೋಡಾಕ ಹೋಕ್ಕಾರೋ, ಬರೇ ತಿರಗಾಕ ಹೋಕ್ಕಾರೋ, ಆ ದೇವ್ರಿಗೇ ಗೊತ್ತು" ಎಂದು ಅವರಿಬ್ಬರನ್ನೂ ಚುಡಾಯಿಸುತ್ತಿದ್ದಳು. ನಿಜ ಹೇಳಬೇಕೆಂದರೆ ಮಾಲು ನೋಡುವುದರಲ್ಲಿ ವೈನಿಯ ಕಣ್ಣು ಅಣ್ಣನಿಗಿಂತ ಚೂಪಾಗಿತ್ತು. ಅದನ್ನು ಅಣ್ಣನೇ ಎಲ್ಲರ ಮುಂದೆ ಹೇಳುತ್ತಿದ್ದ.

ಚಳಿಗಾಲದ ಒಂದು ಬೆಳಿಗ್ಗೆ ಅಣ್ಣ ಎದೆ ಹಿಡಿದುಕೊಂಡು ಕೂತುಬಿಟ್ಟ. ವೈನಿ ಆತನನ್ನು ಎಡಗಡೆ ಸೀಟಿನಲ್ಲಿ ಕೂರಿಸಿಕೊಂಡು ತಾನೇ ವಿಜಯಪುರಕ್ಕೆ ಗಾಡಿ ಓಡಿಸಿದಳು. ದಾರಿಯುದ್ದಕ್ಕೂ ಅಣ್ಣ ಎದುರಿನ ಪೆಟ್ಟಿಗೆಯ ಮುಚ್ಚಳಕ್ಕೆ ಅಂಗೈ ಒತ್ತಿಕೊಂಡು ಕೂತಿದ್ದನಂತೆ. ಊರು ಇನ್ನೇನು ಬಂತು ಅನ್ನುವಾಗ ಕೈ ಜಾರಿತು, ಆ ಜಾರಿಕೆಗೆ ಮುಚ್ಚಳವೂ ತೆರೆದು ಜೋತುಬಿತ್ತು. ನಾನು ಆಸ್ಪತ್ರೆಗೆ ಓಡಿ ಬರುವಷ್ಟರಲ್ಲಿ ಡಾಕ್ಟರು ಗಾಡಿಯ ಬಾಗಿಲಲ್ಲೇ ನೋಡಿ ತಲೆ ಅಲ್ಲಾಡಿಸಿಯಾಗಿತ್ತು. ಅದೇ ಗಾಡಿಯಲ್ಲಿ, ಅದೇ ಸೀಟಿನಲ್ಲಿ ಅಣ್ಣನನ್ನು ತಿಕೋಟಾಕ್ಕೆ ತಿರುಗಿ ತಂದೆವು. ಈ ಸಲ ಗಾಡಿ ಓಡಿಸಿದವನು ನಾನು.

ಸೂತಕದ ಮನೆಯಲ್ಲಿ ದೇವರ ಮುಖ ಕಾಣಬಾರದು. ನಮ್ಮಲ್ಲಿ ದೇವರ ಜಗಲಿಗೂ ಬಟ್ಟೆ ಇಳಿಬಿಡುತ್ತಾರೆ. ಅಣ್ಣನನ್ನು ಇಳಿಸಿದ ಕೂಡಲೇ ಅತ್ತಿ ಗಾಡಿಗೆ ಹೋಗಿ ಡ್ಯಾಶ್‌ಬೋರ್ಡಿನ ಮೇಲಿದ್ದ ಮನೆದೇವರನ್ನು ಕಿತ್ತು ತೆಗೆದಿಟ್ಟಳು. ಅಳುವ ಗದ್ದಲದಲ್ಲಿ ಯಾರೂ ಆ ಕಡೆ ಲಕ್ಷ್ಯ ಕೊಡಲಿಲ್ಲ. ದೇವರಿದ್ದ ಜಾಗದಲ್ಲಿ ಅಂಟಿನ ಚೌಕ ಗುರುತೊಂದು ಉಳಿಯಿತು.

ದಿನಗಳು ಮುಗಿದು ನೆಂಟರೆಲ್ಲ ಹೋದ ಮೇಲೆ ವೈನಿ ಬೇವಿನ ಗಿಡದ ಕೆಳಗೆ ನಿಂತಿದ್ದ ಗಾಡಿಗೆ ಕೀಲಿ ಹಾಕಿದಳು. ಟಕ್ ಎಂದು ಒಂದು ಸದ್ದಾಯಿತು, ಅಷ್ಟೇ. ನನಗೆ ಫೋನು ಬಂತು. ಹೋಗಿ ನೋಡಿದರೆ ಬ್ಯಾಟರಿಯ ತುದಿಗಳಿಗೆ ಬಿಳಿ ಕಿಲುಬು ಹತ್ತಿತ್ತು. ಬಿಸಿನೀರು ಹಾಕಿ ತೊಳೆದು, ನಟ್ಟು ಬಿಗಿ ಮಾಡಿ, ಓಣಿಯ ಟ್ರ್ಯಾಕ್ಟರಿನಿಂದ ತಂತಿ ಕೊಟ್ಟು ಸ್ಟಾರ್ಟ್ ಮಾಡಿದೆ. ಒಂದು ಸುತ್ತು ಓಡಿಸಿ ನಿಲ್ಲಿಸಿ, ಇಷ್ಟೇ ಇದರ ರೋಗ ಎಂದು ಜಂಬದಿಂದ ಚಹಾ ಕುಡಿದು ಬಂದೆ. ವಾರ ತುಂಬುವುದರೊಳಗೆ ಮತ್ತೆ ಟಕ್.

ಹಳೇ ಗಾಡಿಯ ಬ್ಯಾಟರಿ ಸಾಯುವುದಕ್ಕೆ ಇರುವುದು ಮೂರೇ ಕಾರಣ. ತುಂಬಿದ್ದನ್ನು ಬ್ಯಾಟರಿ ಹಿಡಿದುಕೊಳ್ಳುತ್ತಿಲ್ಲ, ಇಲ್ಲವೇ ಓಡುವಾಗ ಅದು ತುಂಬುತ್ತಿಲ್ಲ, ಇಲ್ಲವೇ ನಿಂತಾಗ ಯಾವುದೋ ದಾರಿಯಿಂದ ಸೋರುತ್ತಿದೆ. ಬ್ಯಾಟರಿಯನ್ನು ವಿಜಯಪುರಕ್ಕೆ ಒಯ್ದು ಲೋಡ್ ಹಾಕಿ ನೋಡಿಸಿದೆ, ಮುದಿಯಾಗಿದೆ ಅಂದರು. ಹೊಸದು ತಂದು ಕೂರಿಸಿದೆ. ನಾಲ್ಕು ದಿನಕ್ಕೆ ಅದೂ ಸತ್ತಿತು. ಚಾರ್ಜು ಮಾಡಿಸಿ ತಂದು, ಗಾಡಿ ಚಾಲೂ ಇಟ್ಟು ಮೀಟರು ಹಿಡಿದೆ. ಹದಿನಾಲ್ಕು ವೋಲ್ಟಿನ ಮೇಲೆ ತೋರಿಸಿತು. ಹೆಡ್‌ಲೈಟು ಹಚ್ಚಿದರೂ ಇಳಿಯಲಿಲ್ಲ. ಬೆಲ್ಟು ಬಿಗಿ ಇತ್ತು, ಡೈನಾಮೊ ಗಟ್ಟಿ ಇತ್ತು. ಅಂದರೆ ತುಂಬುವುದರಲ್ಲಿ ದೋಷವಿಲ್ಲ, ಸೋರುವುದೇ ಖರೆ.

ಅಷ್ಟು ಗೊತ್ತಾದ ಮೇಲೆ ಅವತ್ತೇ ಸೋರುವ ಜಾಗ ಹುಡುಕಬೇಕಿತ್ತು. ಆದರೆ ಬೇಸಿಗೆ ಮುಂದಿತ್ತು, ಅಂಗಡಿಯಲ್ಲಿ ಸುಟ್ಟ ಮೋಟಾರುಗಳು ಸಾಲು ಹಚ್ಚಿದ್ದವು. ಮುಂದಿನ ವಾರ ಬರುತ್ತೇನೆ ಎಂದು ಬ್ಯಾಗು ಕಟ್ಟುತ್ತಿದ್ದಾಗ ವೈನಿ ಹತ್ತಿರ ಬಂದು ದನಿ ಇಳಿಸಿ ಅಂದಳು, "ಯಪ್ಪಾ, ನಿನಗೊಂದು ಮಾತು ಹೇಳ್ತೀನಿ. ಸಿಟ್ಟಾಗಬ್ಯಾಡ."

"ಹೇಳ್ರಿ ವೈನಿ."

"ಗಾಡಿ ಒರಸಾಕಂತ ಮುಂಜಾನೆ ಹೋಗಿರ್ತೀನಿ. ಸೀಟು ತಣ್ಣಗಿರತೈತಿ, ಸ್ಟೇರಿಂಗು ತಣ್ಣಗಿರತೈತಿ. ನಿಮ್ಮಣ್ಣ ಕೈ ಇಟ್ಟಿದ್ರಲ್ಲ, ಆ ಮುಚ್ಚಳಾ ಅಷ್ಟ ಬೆಚ್ಚಗಿರತೈತಿ. ಈಗ ಕೈ ತಗದಂಗ."

ನಾನು ಮೀಟರಿನ ತಂತಿ ಸುತ್ತಿ ಬ್ಯಾಗಿಗೆ ಹಾಕಿದೆ.

"ದಿನಾ ಅಲ್ಲ," ಅಂದಳು. "ನೀ ಬ್ಯಾಟರಿ ತಂದು ಹಚ್ಚಿದ ಮ್ಯಾಲ ಎರಡು-ಮೂರು ದಿನ ಇರ್ತಾರ. ಗಾಡಿ ಸತ್ತಿತಂದ್ರ ಅವ್ರೂ ಇರಂಗಿಲ್ಲ."

ಈಗ ಆ ಮಾತನ್ನು ನೆನೆದರೆ ನನ್ನ ಬುದ್ಧಿಗೆ ನಾನೇ ಕೈ ಮುಗಿಯಬೇಕು. ರೋಗದ ಗುರುತನ್ನೆಲ್ಲ ಆಕೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದಳು. ನನಗೆ ಕೇಳಿಸಿದ್ದು ಗಂಡನನ್ನು ಕಳೆದುಕೊಂಡವಳ ಅಳಲು ಮಾತ್ರ. "ಬಿಸಲಿಗೆ ಕಾದಿರತೈತಿ, ವೈನಿ" ಅಂದೆ. "ಬಿಸಲು ಬೀಳೂಕ್ಕಿಂತ ಮೊದಲ ಹೋಗಿರ್ತೀನೋ ಯಪ್ಪಾ" ಎಂದು ಆಕೆ ಒಳಗೆ ಹೋದಳು.

ಅವತ್ತು ಮಾತು ಅಲ್ಲಿಗೇ ನಿಲ್ಲಲಿಲ್ಲ. ಅತ್ತಿಗೂ ಅದು ಗೊತ್ತಿತ್ತು. ಪಿಂಡಕ್ಕೆ ಕಾಗೆ ಬಹಳ ಹೊತ್ತು ಮುಟ್ಟಿರಲಿಲ್ಲ ಎಂಬುದನ್ನು ಆಕೆ ಎತ್ತಿ ತೆಗೆದಳು. ಮುಟ್ಟಲೇಬೇಕೆಂದು ನಾವೆಲ್ಲ ದೂರ ಸರಿದು, ಏನೇನೋ ಮಾತು ಕೊಟ್ಟು, ಕಡೆಗೆ ವೈನಿ 'ದಲಾಲಿ ನಾ ಬಿಡಂಗಿಲ್ಲ' ಅಂದಾಗ ಒಂದು ಕಾಗೆ ಇಳಿದಿದ್ದು ನನಗೂ ನೆನಪಿತ್ತು. ಕಾಗೆಗೆ ಹಸಿವಾಗಿತ್ತು, ಇಳಿಯಿತು ಎಂದು ಅಂದು ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ಈ ಸುದ್ದಿ ಬಬಲೇಶ್ವರಕ್ಕೂ ಮುಟ್ಟಿತು. ಅಲ್ಲಿ ವೈನಿಯ ತವರು. ಆಕೆಯ ಅಣ್ಣ ಗೊಬ್ಬರದ ಅಂಗಡಿ ಇಟ್ಟವರು, ತಂಗಿಯನ್ನು ಕಂಡರೆ ಜೀವ. ನನಗೆ ಫೋನು ಮಾಡಿ, "ನೋಡ್ರಿ, ಆಕಿ ತಲಿ ಸರಿ ಇಲ್ಲೀಗ. ಗಾಡಿ ಮುಂದ ಕುಂತ ಮಾತಾಡ್ತಾಳಂತ. ಅಮಾಸಿ ಕಳದ ಮ್ಯಾಲ ಬಂದು ಕರ್ಕೊಂಡು ಹೋಕ್ಕೀನಿ. ಗಾಡಿಗೆ ಗಿರಾಕಿ ನೋಡೀನಿ, ಅದನ್ನೂ ತಗದು ಬಿಡೂಣು" ಅಂದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಆದರೆ ವೈನಿ ಒಮ್ಮೆ ತವರಿಗೆ ಹೋದರೆ ಆ ಸುಗ್ಗಿ ಮುಗಿಯಿತು, ದಲಾಲಿಯೂ ಮುಗಿಯಿತು. 'ತಲಿ ಕೆಟ್ಟ ಹೆಣಮಗಳು' ಎಂದು ಒಂದು ಸಲ ಹೆಸರು ಬಿದ್ದರೆ ಯಾವ ರೈತ ಆಕೆಯ ಕೈಗೆ ಮಾಲು ತೋರಿಸುತ್ತಾನೆ? ಆಕೆಗೂ ಅದು ಗೊತ್ತಿತ್ತು. ಫೋನಿನಲ್ಲಿ ನನಗೆ ಹೇಳಿದ್ದು ಒಂದೇ ಮಾತು: "ಗಾಡಿ ನಡದ್ರ ನಾ ಇಲ್ಲೇ ಇರ್ತೀನಿ. ನಡೀಲಿಲ್ಲಂದ್ರ ನಮ್ಮಣ್ಣ ಹೇಳಿದ್ದ ಖರೆ ಆಕ್ಕೈತಿ."

ಅಮಾವಾಸ್ಯೆ ಕಳೆದ ಮರುದಿನ, ಹೊತ್ತು ಮೂಡುವ ಮೊದಲೇ ವಿಜಯಪುರ ಬಿಟ್ಟೆ. ಎರಡು ದಿನದ ಹಿಂದೆ ಚಾರ್ಜು ಮಾಡಿಸಿದ ಬ್ಯಾಟರಿಯನ್ನು ಕಳಿಸಿ ಹಚ್ಚಿಸಿದ್ದೆ. ನಾನು ಮುಟ್ಟುವಾಗ ಮನೆಯಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ. ಬೇವಿನ ಎಲೆ ಬಿದ್ದ ಬಾನೆಟ್ಟು ಮಂಜಿಗೆ ಒದ್ದೆಯಾಗಿತ್ತು, ಗಾಜಿನ ಮೇಲೆ ನೀರಿನ ಹನಿ. ಎಡಗಡೆ ಬಾಗಿಲು ತೆಗೆದು ಸೀಟಿನ ಮೇಲೆ ಕೈಯಿಟ್ಟೆ, ಕೊರೆಯುವಷ್ಟು ತಣ್ಣಗಿತ್ತು. ಆಮೇಲೆ, ಯಾಕೆ ಅಂತ ಕೇಳಬೇಡಿ, ಮುಚ್ಚಳದ ಮೇಲೆ ಅಂಗೈಯಿಟ್ಟೆ.

ಬೆಚ್ಚಗಿತ್ತು.

ಕೈಯನ್ನು ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಅಣ್ಣ ಸತ್ತಾಗ ನಾನು ಜನರೆದುರು ಸರಿಯಾಗಿ ಅತ್ತಿರಲಿಲ್ಲ, ಕೆಲಸದ ಮೇಲೆ ಕೆಲಸ ಮೈಮೇಲೆ ಹಾಕಿಕೊಂಡು ತಿರುಗಿದ್ದೆ. ಆ ಕ್ಷಣ ಅಣ್ಣ ಅಲ್ಲೇ ಕೂತಿದ್ದಾನೆ ಅನಿಸಿತು. ಅಷ್ಟು ಮಾತ್ರವಲ್ಲ, ಕೂತಿರಲಿ ಅಂತಲೂ ಅನಿಸಿತು. 'ಅಣ್ಣಾ' ಎಂದು ಬಾಯಿಯವರೆಗೆ ಬಂದಿತ್ತು. ಬಾಗಿಲು ಹಾಕಿ ಹೋಗಿ ನಲ್ಲಿಯ ಕೆಳಗೆ ಮುಖ ತೊಳೆದುಕೊಂಡೆ.

ಮನೆಯವರು ಎದ್ದ ಮೇಲೂ ಈ ವಿಷಯ ಯಾರಿಗೂ ಹೇಳಲಿಲ್ಲ. ಬಿಸಿಲು ಏರುವ ಹೊತ್ತಿಗೆ ವೈನಿಯ ಅಣ್ಣ ಬಂದರು. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಬಟ್ಟೆ-ಬರೆ ಕಟ್ಟಿಕೋ ಅಂದರು. ವೈನಿ ಜಗಳ ತೆಗೆಯಲಿಲ್ಲ. ಸೀದಾ ಹೋಗಿ ಗಾಡಿಯಲ್ಲಿ ಸ್ಟೇರಿಂಗಿನ ಮುಂದೆ ಕೂತು, ಬಾಗಿಲು ಹಾಕಿಕೊಂಡು, ಎಡಗೈ ಚಾಚಿ ಮುಚ್ಚಳದ ಮೇಲೆ ಇಟ್ಟುಕೊಂಡಳು. "ನೋಡ್ರಿ, ನೋಡ್ರಿ" ಎಂದು ಅವರು ನನಗೆ ಕಣ್ಣಿನಿಂದಲೇ ತೋರಿಸಿದರು. "ಒಂದು ತಾಸು ಕೊಡ್ರಿ ನನಗ" ಅಂದೆ.

ಬಾನೆಟ್ಟು ಎತ್ತಿದೆ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ತಂತಿಗೂ ಬ್ಯಾಟರಿಗೂ ನಡುವೆ ಮೀಟರು ಹಾಕಿದೆ. ಹೀಗೆ ಮಾಡಿದರೆ ಸೋರುವುದೆಲ್ಲ ಮೀಟರಿನ ಮೂಲಕವೇ ಹೋಗಬೇಕು. ಕೀಲಿ ತೆಗೆದು ನಿಲ್ಲಿಸಿದ ಇಂಥ ಗಾಡಿಯಲ್ಲಿ ಮುಳ್ಳು ಸೊನ್ನೆಯ ಹತ್ತಿರ ಕೂತಿರಬೇಕು. ಇಲ್ಲಿ ಹೆಚ್ಚು ಕಡಿಮೆ ಅರ್ಧ ಆಂಪಿಯರಿಗೆ ಎದ್ದು ನಿಂತಿತು. ಹೌದಪ್ಪಾ, ಏನೋ ಒಂದು ಒಳಗೆ ಕೂತು ಉಣ್ಣುತ್ತಿದೆ. ಫ್ಯೂಜುಗಳನ್ನು ಒಂದೊಂದಾಗಿ ಕಿತ್ತೆ: ಹಾರ್ನು, ಲೈಟು, ಟೇಪು, ವೈಪರು. ಮುಳ್ಳು ಅಲುಗಲಿಲ್ಲ. ಡೈನಾಮೊದ ತಂತಿ ಬಿಚ್ಚಿದೆ, ಆಗಲೂ ಅಲುಗಲಿಲ್ಲ. ಗಾಡಿಯಲ್ಲಿದ್ದ ಎಲ್ಲ ಫ್ಯೂಜೂ ನನ್ನ ಅಂಗೈಯಲ್ಲಿದ್ದವು. ಆದರೂ ಅದು ಉಣ್ಣುತ್ತಲೇ ಇತ್ತು. ಬೆನ್ನಿಗೆ ಬೆವರು ಇಳಿಯತೊಡಗಿತು.

ಫ್ಯೂಜಿಗೆ ಸಿಗದ್ದು ಅಂದರೆ ಬ್ಯಾಟರಿಗೆ ನೇರ ಹಚ್ಚಿದ್ದು. ಪ್ಲಸ್ ಕಡೆಯ ದಪ್ಪ ತಂತಿಯನ್ನು ಬೆರಳಿನಿಂದ ತಡವುತ್ತಾ ಹೋದೆ. ನಟ್ಟಿನ ಕೆಳಗೆ, ಕಿಲುಬು ಹಿಡಿದ ಟೇಪಿನ ಸುತ್ತಿನಲ್ಲಿ ಒಂದು ಸಣ್ಣ ಕೆಂಪು ತಂತಿ ಸೇರಿಕೊಂಡಿತ್ತು. ಕಂಪನಿಯದಲ್ಲ ಅದು, ಯಾರೋ ಕೈಯಿಂದ ಹೊಸೆದು ಕೂರಿಸಿದ್ದು. ಅದನ್ನು ಬಿಚ್ಚಿ ಎತ್ತಿದೆ. ಮುಳ್ಳು ಸೊನ್ನೆಗೆ ಬಿತ್ತು.

ಬಾನೆಟ್ಟು ಮೇಲೆದ್ದಿತ್ತು. ನಾನು ಏನು ಮಾಡುತ್ತಿದ್ದೇನೆಂದು ಒಳಗೆ ಕೂತವಳಿಗೆ ಕಾಣುವಂತಿರಲಿಲ್ಲ, ನಾನು ಬಾಯಿಯನ್ನೂ ಬಿಟ್ಟಿರಲಿಲ್ಲ. ತಂತಿ ಹಿಡಿದು ಇದು ಎತ್ತ ಹೋಗುತ್ತದೆ ಎಂದು ಬಗ್ಗಿ ನೋಡುತ್ತಾ ನಿಂತೆ. ಸ್ವಲ್ಪ ಹೊತ್ತು ಹೋಯಿತು. ಒಳಗಿನಿಂದ ವೈನಿಯ ದನಿ ಬಂತು, "ಯಪ್ಪಾ, ಎದ್ದು ಹ್ವಾದ್ರು."

ಅಂಗಳದಲ್ಲಿ ಕೂತಿದ್ದ ಆಕೆಯ ಅಣ್ಣ ಎದ್ದು ನಿಂತರು. ನಾನು ಕೆಂಪು ತಂತಿಯನ್ನು ತಿರುಗಿ ನಟ್ಟಿಗೆ ತಾಗಿಸಿ ಹಿಡಿದೆ, ಸಣ್ಣದೊಂದು ಕಿಡಿ ಹಾರಿತು. ಕಾದೆ. ಬೇವಿನಲ್ಲಿ ಅಳಿಲೊಂದು ಕೂಗುತ್ತಿತ್ತು. ಅತ್ತಿ ಬಾಗಿಲಿಗೆ ಬಂದು ನಿಂತಿದ್ದಳು.

"ಬಂದ್ರು," ಅಂದಳು ವೈನಿ.

ಏನಾಗುತ್ತಿದೆ ಎಂದು ಅಷ್ಟೊತ್ತಿಗೆ ನನಗೆ ಅರ್ಧ ತಿಳಿದಿತ್ತು. ತಂತಿಯನ್ನು ಬಿಗಿಮಾಡಿ, ಎಡಗಡೆ ಬಾಗಿಲು ತೆಗೆದು, "ವೈನಿ, ಈ ಪೆಟಗಿ ತಗೀಬೇಕ್ರಿ" ಅಂದೆ. ನಾನು ಗುದ್ದಿದೆ, ಬರಲಿಲ್ಲ. ಆಕೆಯ ಅಣ್ಣ ಗುದ್ದಿದರು, ಬರಲಿಲ್ಲ. ವೈನಿ ನಮ್ಮಿಬ್ಬರ ಕೈ ಸರಿಸಿ, ಎಡಗೈ ಮುಷ್ಟಿಯಿಂದ ಮೂಲೆಗೆ ಒಂದೇ ಒಂದು ಗುದ್ದಿದಳು. ಅಣ್ಣನ ಗುದ್ದೇ ಅದು; ಆತನ ಕೈ ಇದ್ದ ಮುಚ್ಚಳವೆಂದು ಅಲ್ಲಿಯವರೆಗೆ ಆಕೆ ಅದನ್ನು ತೆಗೆದಿರಲಿಲ್ಲ. ಮುಚ್ಚಳ ಜೋತುಬಿತ್ತು.

ಒಳಗೆ ಅಣ್ಣನ ಬಿಳಿ ಟವೆಲ್ಲು ಮುದ್ದೆಯಾಗಿ ಕೂತಿತ್ತು. ಆ ಮುದ್ದೆಯ ಒಳಗಿನಿಂದ ಕೆಂಪಗೆ ಬೆಳಕು ಬರುತ್ತಿತ್ತು.

ಬಿಚ್ಚಿದರೆ ಮನೆದೇವರ ಫೋಟೋ, ಅದರ ಬುಡಕ್ಕೆ ಅಂಟಿಸಿದ ಗುಂಡಗಿನ ಕೆಂಪು ಬಲ್ಬು. ಟವೆಲ್ಲಿನಲ್ಲಿ ಬಲ್ಬು ತಾಗಿದ ಕಡೆ ಹಿಡಿಯಷ್ಟು ಜಾಗ ಕಂದು ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಗಾಡಿಯೇ ಹತ್ತಿ ಉರಿಯುತ್ತಿತ್ತೋ ಏನೋ. ಆ ದೀಪ ಅಣ್ಣನೇ ಹಚ್ಚಿದ್ದು. ಕೀಲಿ ತೆಗೆದ ಕೂಡಲೇ ದೇವರ ಮುಂದೆ ಕತ್ತಲಾಗಬಾರದು ಎಂದು ಎಲ್ಲ ಫ್ಯೂಜು ದಾಟಿಸಿ ನೇರ ಬ್ಯಾಟರಿಗೇ ಕೊಟ್ಟಿದ್ದ. "ದೇವ್ರ ದೀಪಕ್ಕ ಎಂಥಾ ಕೀಲಿ ಅಂತಿದ್ರು," ಅಂದಳು ವೈನಿ ಮೆಲ್ಲಗೆ. ಆತ ದಿನಾ ಊರೂರು ಓಡಿಸುತ್ತಿದ್ದ. ರಾತ್ರಿ ದೀಪ ಕುಡಿದದ್ದನ್ನು ಹಗಲು ಗಾಡಿ ತುಂಬಿಕೊಡುತ್ತಿತ್ತು. ಆತ ಹೋದ ಮೇಲೆ ಗಾಡಿ ನಿಂತಿತು, ದೀಪ ನಿಲ್ಲಲಿಲ್ಲ. ದೇವರನ್ನೇ ತೆಗೆದಿಟ್ಟ ಮೇಲೆ ದೀಪವೂ ಹೋಗಿದೆ ಎಂದು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅತ್ತಿ ಕಟ್ಟೆಯ ಮೇಲೆ ಕುಸಿದು ಕೂತಳು. ಜೋತುಬಿದ್ದ ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕ ಟವೆಲ್ಲು ಸುತ್ತಿ ತುರುಕಿ ಮುಚ್ಚಿದವಳು ಆಕೆಯೇ. ಸೂತಕ ಕಳೆದ ಮೇಲೆ ತೆಗೆಯಹೋದರೆ ಮುಚ್ಚಳ ಬರಲಿಲ್ಲವಂತೆ. "ದೇವ್ರನ್ನ ಕತ್ತಲ್ಯಾಗ ಕೂಡಿಹಾಕೀನಿ, ಅದಕ್ಕ ಗಾಡಿ ಮುನದೈತಿ ಅಂತ ಹೆದರಿ ಸುಮ್ಮನಾದೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕತ್ತಲಂತೂ ಇರಲಿಲ್ಲ ಅತ್ತಿ, ಅಂದೆ. ಯಾರಿಗೂ ನಗು ಬರಲಿಲ್ಲ.

ವೈನಿಯ ಅಣ್ಣ ಟವೆಲ್ಲಿನ ಸುಟ್ಟ ಗುರುತನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮುಚ್ಚಳದ ಒಳಮೈಗೆ ಕೈಯಿಟ್ಟು, ಬಿಸಿ ತಾಗಿ, ತಂಗಿಯ ಮುಖ ನೋಡಿದರು.

"ಅಂದ್ರ ನಂದು ತಲಿ ಸರಿ ಐತಿ," ಅಂದಳು ವೈನಿ.

"ಸರಿ ಐತವ್ವ" ಅಂದರು ಅವರು. ಗಿರಾಕಿಗೆ ಬರಬೇಡವೆಂದು ಅಲ್ಲೇ ಫೋನು ಮಾಡಿ ಹೇಳಿದರು. ಊಟ ಮಾಡಿ, ಒಬ್ಬರೇ ಬಬಲೇಶ್ವರಕ್ಕೆ ಹೋದರು.

ನಾನು ಗೆದ್ದಿದ್ದೆ. ಏನೋ ಅಂದದ್ದಕ್ಕೆ ಜಾಗ ತೋರಿಸಿದ್ದೆ, ಆಕೆಯ ತಲೆ ಸರಿಯಿದೆ ಎಂದು ಎಲ್ಲರೆದುರು ಮೀಟರು ಹಿಡಿದು ಸಾಬೀತು ಮಾಡಿದ್ದೆ. ಆದರೆ ಬಲ್ಬಿನ ತಂತಿ ಬಿಚ್ಚುವಾಗ ವೈನಿ ನನ್ನ ಕೈಯನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಇಂದಿಗೂ ತಡೆಯಲಾಗುವುದಿಲ್ಲ. ಹುಚ್ಚಿ ಅನ್ನಿಸಿಕೊಂಡಿದ್ದಷ್ಟು ದಿನ ಆಕೆಗೆ ಗಂಡನಿದ್ದ. ನನಗೂ ಆ ದಿನ ಬೆಳಿಗ್ಗೆ ಒಂದು ಗಳಿಗೆ ಅಣ್ಣ ಇದ್ದ.

ದೀಪವನ್ನು ಕೀಲಿಯ ಫ್ಯೂಜಿಗೆ ಹಾಕಿಕೊಡುತ್ತೇನೆ, ಗಾಡಿ ಚಾಲೂ ಇದ್ದಾಗ ಮಾತ್ರ ಉರಿಯುತ್ತದೆ ಎಂದು ಹೇಳಿದೆ. ಆಕೆ ದೇವರನ್ನು ಒರೆಸಿ ಹಳೆಯ ಅಂಟಿನ ಗುರುತಿನ ಮೇಲೆಯೇ ಕೂರಿಸಿದಳು. ಬಲ್ಬನ್ನು ಕೈಯಲ್ಲಿ ಹಿಡಿದು, "ಇದು ಪೆಟಗಿ ಒಳಗ ಇರ್ಲಿ" ಅಂದಳು.

"ದೇವ್ರ ಮುಂದ ದೀಪ ಬ್ಯಾಡೇನ ಬೇ?" ಅಂದಳು ಅತ್ತಿ.

"ದೇವ್ರಿಗೆ ಬ್ಯಾರೆದು ಹಚ್ಚೂಣು."

ನಾನು ಪೆಟ್ಟಿಗೆಯೊಳಗೆ ಬಟ್ಟೆ-ಕಾಗದ ಏನೂ ಇರದಂತೆ ಬಳಿದು ತೆಗೆದು, ತಗಡಿನ ಸಣ್ಣ ಗೂಡು ಮಾಡಿ, ಅದರಲ್ಲಿ ಆ ಕೆಂಪು ಬಲ್ಬು ಕೂರಿಸಿ ಮುಚ್ಚಳ ಹಾಕಿದೆ. ಗಾಡಿ ಅಂದಿನಿಂದ ಒಂದು ದಿನವೂ ಟಕ್ ಅಂದಿಲ್ಲ. ವೈನಿ ಆ ಸುಗ್ಗಿ ಮಾಡಿದಳು, ಈ ಸುಗ್ಗಿಯನ್ನೂ ಮಾಡುತ್ತಿದ್ದಾಳೆ.

ಮೊನ್ನೆ ಕಳ್ಳಕವಟಗಿಯ ಕಡೆ ಒಂದು ಮೋಟಾರು ನೋಡುವುದಿತ್ತು, ಆಕೆಯ ಗಾಡಿಯಲ್ಲೇ ಹೋದೆ. ನಾನು ಎಡಗಡೆ ಬಾಗಿಲಿಗೆ ಕೈ ಹಾಕಿದಾಗ, "ಹಿಂದ ಕುಂಡ್ರು ಯಪ್ಪಾ" ಅಂದಳು. ಹಿಂದೆ ಕೂತೆ. ದಾರಿಯಲ್ಲಿ ದರ, ಮಾಲು, ಈ ವರ್ಷದ ಬಣ್ಣ ಎಂದು ಮಾತಾಡುತ್ತಾ ಗಾಡಿ ಓಡಿಸಿದಳು. ಶೆಡ್ಡಿನ ಮುಂದೆ ನಿಲ್ಲಿಸಿ ಕೀಲಿ ತೆಗೆದಳು. ರೈತ ಆಗಲೇ ಹೊರಗೆ ಬಂದು ಕಾಯುತ್ತಿದ್ದ. ನಾನು ಬಾಗಿಲು ತೆರೆಯಹೋದೆ, ಆಕೆ ಅಲುಗಲಿಲ್ಲ. ಎಡಗೈ ಚಾಚಿ ಮುಚ್ಚಳದ ಮೇಲೆ ಇಟ್ಟುಕೊಂಡು ಮುಂದೆ ನೋಡುತ್ತಾ ಕೂತಿದ್ದಳು. ಆ ಬಲ್ಬು ಆರಿದ ಮೇಲೆ ಮುಚ್ಚಳದ ಪ್ಲಾಸ್ಟಿಕ್ಕು ತಣ್ಣಗಾಗಲು ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತಿತ್ತು. ನಾನೂ ಬಾಗಿಲು ಬಿಟ್ಟು ಸುಮ್ಮನೆ ಕೂತೆ.

ಸ್ವಲ್ಪ ಹೊತ್ತಿಗೆ ಆಕೆ ಕೈ ತೆಗೆದು, ಸೆರಗು ಸರಿಮಾಡಿಕೊಂಡು, ತನ್ನ ಬಾಗಿಲು ತೆರೆದಳು.

"ಇಳದ್ರು," ಅಂದಳು. "ನಡಿ."